ಮಾಗದ ಗಾಯ, ಮಣಿಯದ ಸೂಕ್ಷ್ಮಾಣು: ಹಿರಿಯರ ಆರೈಕೆಯಲ್ಲಿ ನಂಜುನಿರೋಧಕಗಳ ಸ್ಥಾನ

ಕಳೆದ ಶ್ರಾವಣದಲ್ಲಿ ಶ್ರೀಮಠದ ಆವರಣದಲ್ಲಿ ಜರುಗಿದ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ಯುವಕನೊಬ್ಬ ರೋಗಿಯಿಲ್ಲದೆ ಬಂದಿದ್ದ. ಅವನ ಕೈಯಲ್ಲಿ ಒಂದು ಕಡತ ಮಾತ್ರವಿತ್ತು. 82 ವರ್ಷದ ಅವನ ಅಜ್ಜಿ ಸೊಂಟದ ಮೂಳೆ ಮುರಿದುಕೊಂಡು ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಬೆನ್ನಿನ ಕೆಳಭಾಗದಲ್ಲಿ ಅಂಗೈಯಗಲದ ಹಾಸಿಗೆ ಹುಣ್ಣು ಆಗಿತ್ತು. ಗಾಯದ ಕೀವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ತರಿಸಿದ್ದ ವರದಿಯಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಹೆಸರಿತ್ತು. ಅದರ ಕೆಳಗೆ ಹದಿನಾರು ಔಷಧಿಗಳ ಪಟ್ಟಿ. ಹದಿನಾಲ್ಕರ ಮುಂದೆ 'ಆರ್' ಎಂಬ ಅಕ್ಷರ. ಈ ಔಷಧಿಗೆ ಈ ಸೂಕ್ಷ್ಮಾಣು ಮಣಿಯುವುದಿಲ್ಲ ಎಂದು ಅದರ ಅರ್ಥ. ಉಳಿದ ಎರಡರಲ್ಲಿ ಒಂದು ಕೊಲಿಸ್ಟಿನ್, ಮೂತ್ರಪಿಂಡಗಳ ಪಾಲಿಗೆ ಅತ್ಯಂತ ಕಠಿಣವಾದ ಔಷಧಿ.

"ಎಷ್ಟ ಖರ್ಚಾದ್ರೂ ಚಿಂತಿಲ್ರಿ ಡಾಕ್ಟರ್ ಸಾಹೇಬ್ರ, ದೊಡ್ಡ ಇಂಜೆಕ್ಷನ್ ಬರೆದುಕೊಡ್ರಿ" ಎಂಬುದು ಅವನ ಕೋರಿಕೆಯಾಗಿತ್ತು. ಇದ್ದ ಎರಡು ಎಕರೆಯ ಮೇಲೆ ಸಾಲ ಎತ್ತಲು ಮನೆಯಲ್ಲಿ ಮಾತುಕತೆ ನಡೆದಿತ್ತೆಂದು ಆಮೇಲೆ ತಿಳಿಯಿತು.

ನಾನು ಬರೆದುಕೊಡಲಿಲ್ಲ. ಶಿಬಿರ ಮುಗಿದ ಮೇಲೆ ಅವನೊಂದಿಗೆ ಹೋಗಿ ಅಜ್ಜಿಯನ್ನು ನೋಡಿದೆ. ಜ್ವರವಿರಲಿಲ್ಲ. ನಾಡಿ, ರಕ್ತದೊತ್ತಡ ಸರಿಯಾಗಿದ್ದವು. ಗಾಯದ ಸುತ್ತಲಿನ ಚರ್ಮ ಕೆಂಪೇರಿರಲಿಲ್ಲ, ಮುಟ್ಟಿದರೆ ಬಿಸಿಯೂ ಇರಲಿಲ್ಲ. ಗಾಯದ ಮೇಲೆ ಮಾತ್ರ ಹಸಿರು ಛಾಯೆಯ ಲೋಳೆ, ಹಳದಿಗಟ್ಟಿದ ಸತ್ತ ಮಾಂಸ, ಕೋಣೆಯ ಬಾಗಿಲಲ್ಲೇ ಮೂಗಿಗೆ ಬಡಿಯುವ ದುರ್ವಾಸನೆ. ಅಜ್ಜಿ ಎಚ್ಚರವಾಗಿದ್ದರು, ನಾನು ಯಾವ ಊರಿನವನೆಂದು ವಿಚಾರಿಸಿದರು. ಇಂತಹ ರೋಗಿಗೆ ಮೊದಲು ಬೇಕಾದದ್ದು ಗಾಯದ ಮೇಲೆಯೇ ಹಚ್ಚುವ ಸಾಧಾರಣ ನಂಜುನಿರೋಧಕ ದ್ರಾವಣ, ಅಂದರೆ ನಾವೆಲ್ಲರೂ ಆಂಟಿಸೆಪ್ಟಿಕ್ ಎಂದು ಕರೆಯುವ ವಸ್ತು. ಅದನ್ನು ದಿನವೂ ಕ್ರಮವಾಗಿ ಹಚ್ಚುವ ಕೈ ಒಂದು ಬೇಕು. ಹೆಚ್ಚಿನ ಮನೆಗಳಲ್ಲಿ, ಅನೇಕ ಆಸ್ಪತ್ರೆಗಳಲ್ಲಿಯೂ, ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹೀಗೆ ಹೇಳಲು ನನಗೆ ಒಂದು ಕಹಿ ಕಾರಣವಿದೆ. ಇಪ್ಪತ್ತು ವರ್ಷಗಳ ಹಿಂದೆ, ನಾನು ಶಸ್ತ್ರಚಿಕಿತ್ಸೆಯ ಅಭ್ಯಾಸ ಮುಗಿಸಿ ಬಂದ ಹೊಸತರಲ್ಲಿ, ನಿವೃತ್ತ ಶಾಲಾ ಶಿಕ್ಷಕರೊಬ್ಬರು ಮೊಣಕಾಲ ಕೆಳಗಿನ ಹಳೆಯ ಹುಣ್ಣಿಗಾಗಿ ನನ್ನ ಬಳಿ ಬಂದರು. ಸಕ್ಕರೆ ಕಾಯಿಲೆ ಇತ್ತು, ದೇಹ ಬಡಕಲಾಗಿತ್ತು. ಅವರ ವರದಿಯಲ್ಲಿಯೂ ಸಾಲುಸಾಲು 'ಆರ್' ಇದ್ದವು. ಅಮಿಕಾಸಿನ್ ಎಂಬ ಇಂಜೆಕ್ಷನ್ ಒಂದಕ್ಕೆ ಮಾತ್ರ ಸೂಕ್ಷ್ಮಾಣು ಮಣಿಯುವುದೆಂದು ಬರೆದಿತ್ತು. ನಾನು ಅದನ್ನೇ ಆರಂಭಿಸಿದೆ. ವರದಿ ಹೇಳಿದಂತೆ ನಡೆಯುವುದೇ ವಿಜ್ಞಾನವೆಂದು ಆಗ ನಂಬಿದ್ದೆ. ಹತ್ತನೆಯ ದಿನ ಅವರ ಮೂತ್ರ ಕಡಿಮೆಯಾಯಿತು. ಡಯಾಲಿಸಿಸ್ ಬೇಕಾಯಿತು. ಎರಡು ತಿಂಗಳಲ್ಲಿ ಅವರು ತೀರಿಕೊಂಡರು. ಹುಣ್ಣು ಮಾತ್ರ ಮೊದಲ ದಿನ ಹೇಗಿತ್ತೋ ಹಾಗೆಯೇ ಇತ್ತು. ಅವರ ಮಕ್ಕಳು ನನ್ನನ್ನು ದೂರಲಿಲ್ಲ. ದೂರಿದ್ದರೆ ಒಳಿತಿತ್ತೇನೋ ಎಂದು ಈಗಲೂ ಅನಿಸುವುದುಂಟು.

ಅಂದು ನಾನು ಕೇಳಿಕೊಳ್ಳದೇ ಹೋದ ಪ್ರಶ್ನೆ ಬಹು ಸರಳವಾದುದು: ಈ ಗಾಯದಲ್ಲಿ ಸೂಕ್ಷ್ಮಾಣುಗಳು ಸುಮ್ಮನೆ ನೆಲೆಸಿವೆಯೋ, ಇಲ್ಲವೆ ದೇಹದ ಮೇಲೆ ದಾಳಿ ಮಾಡುತ್ತಿವೆಯೋ?

ತಿಂಗಳುಗಟ್ಟಲೆ ತೆರೆದಿರುವ ಯಾವ ಗಾಯವೂ ಸೂಕ್ಷ್ಮಾಣುರಹಿತವಾಗಿರುವುದಿಲ್ಲ. ಹಾಳುಬಿದ್ದ ಮನೆಯಲ್ಲಿ ಹಕ್ಕಿಪಕ್ಷಿ ಗೂಡು ಕಟ್ಟುವಂತೆ ಅವು ಬಂದು ಸೇರಿಕೊಳ್ಳುತ್ತವೆ. ಹತ್ತಿಯ ಕಡ್ಡಿಯಿಂದ ಮೇಲಿನ ಲೋಳೆಯನ್ನು ಒರೆಸಿ ಕಳುಹಿಸಿದರೆ ಏನಾದರೂ ಒಂದು ಹೆಸರು ಬಂದೇ ಬರುತ್ತದೆ. ಆ ಹೆಸರು ಗಾಯದಲ್ಲಿ ಯಾರು ವಾಸವಾಗಿದ್ದಾರೆಂದು ತಿಳಿಸುತ್ತದೆಯೇ ಹೊರತು ಅವರು ಅಪರಾಧಿಗಳೆಂದು ಸಾಬೀತುಪಡಿಸುವುದಿಲ್ಲ. ಆದ್ದರಿಂದಲೇ ಮಧುಮೇಹಿಗಳ ಪಾದದ ಹುಣ್ಣಿನ ಕುರಿತಾದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು, ಸೋಂಕಿನ ಲಕ್ಷಣಗಳಿಲ್ಲದ ಹುಣ್ಣಿಗೆ ಪ್ರತಿಜೀವಕ ಔಷಧಿಗಳನ್ನು ಅಂದರೆ ಆಂಟಿಬಯೋಟಿಕ್‌ಗಳನ್ನು ಕೊಡಲೇಬಾರದೆಂದು ಸ್ಪಷ್ಟವಾಗಿ ಹೇಳುತ್ತವೆ.

ಇನ್ನೊಂದು ಸಂಗತಿಯಿದೆ. ಹಳೆಯ ಗಾಯದ ಸೂಕ್ಷ್ಮಾಣುಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಒಂದು ಬಗೆಯ ಅಂಟುಪೊರೆಯನ್ನು ಸ್ರವಿಸಿ ಅದರೊಳಗೆ ಗುಂಪಾಗಿ ಅಡಗಿರುತ್ತವೆ. ಕೆರೆಯ ಮೆಟ್ಟಿಲಿನ ಪಾಚಿ ಕಾಲಿಗೆ ಜಾರುವುದು ಹೇಗೋ ಇದೂ ಹಾಗೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. 2008ರಲ್ಲಿ ಅಮೆರಿಕದ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಹಳೆಯ ಗಾಯಗಳ ಮಾದರಿಗಳಲ್ಲಿ ಶೇಕಡಾ 60ರಲ್ಲಿ ಈ ಪೊರೆ ಕಂಡಿತು. ಹೊಸ ಗಾಯಗಳಲ್ಲಿ ಶೇಕಡಾ 6ರಲ್ಲಿ ಮಾತ್ರ. ಪೊರೆಯೊಳಗಿನ ಸೂಕ್ಷ್ಮಾಣುಗಳನ್ನು ಕೊಲ್ಲಲು ಪ್ರಯೋಗಾಲಯದ ವರದಿ ಸೂಚಿಸುವುದಕ್ಕಿಂತ ನೂರಾರು ಪಟ್ಟು ಹೆಚ್ಚು ಪ್ರತಿಜೀವಕ ಬೇಕಾಗಬಹುದು. ಅಷ್ಟನ್ನು ಮನುಷ್ಯ ದೇಹಕ್ಕೆ ಕೊಡಲಾಗದು. ಮೇಲಾಗಿ ಒತ್ತಡದಿಂದ, ಮಧುಮೇಹದಿಂದ, ರಕ್ತನಾಳ ಕಟ್ಟಿಕೊಂಡದ್ದರಿಂದ ಆದ ಹುಣ್ಣಿನಲ್ಲಿ ರಕ್ತಸಂಚಾರವೇ ಕ್ಷೀಣವಾಗಿರುತ್ತದೆ. ತೋಳಿನ ನರಕ್ಕೆ ಏರಿಸಿದ ಔಷಧಿ ಕಾಲುವೆ ಹರಿಯದ ಹೊಲಕ್ಕೆ ಬಿಟ್ಟ ನೀರಿನಂತೆ ನಡುದಾರಿಯಲ್ಲೇ ಉಳಿಯುತ್ತದೆ. ಗಾಯವನ್ನು ಮುಟ್ಟದ ಆ ಔಷಧಿ ಮೂತ್ರಪಿಂಡ, ಕಿವಿ, ಕರುಳುಗಳನ್ನು ತಪ್ಪದೆ ಮುಟ್ಟುತ್ತದೆ. ಮುಪ್ಪಿನ ದೇಹದಲ್ಲಿ ಇದರ ಬೆಲೆ ಹೆಚ್ಚು. ಭೇದಿ ಹತ್ತಿದರೆ ಹಾಸಿಗೆ ಹುಣ್ಣು ಮತ್ತೆ ಮಲಿನವಾಗುತ್ತದೆ. ಕೆಲವು ಮಾತ್ರೆಗಳಿಂದ ಮಧುಮೇಹಿಗಳ ಸಕ್ಕರೆ ದಿಢೀರನೆ ಇಳಿಯಬಹುದು, ಬುದ್ಧಿ ಮಂಕಾಗಬಹುದು.

ನಂಜುನಿರೋಧಕದ ಬಗೆಯೇ ಬೇರೆ. ಪ್ರತಿಜೀವಕವು ಸಾಮಾನ್ಯವಾಗಿ ಸೂಕ್ಷ್ಮಾಣುವಿನ ಒಂದು ಬೀಗಕ್ಕೆ ಮಾಡಿಸಿದ ಒಂದು ಕೀಲಿಕೈ. ಬೀಗ ಬದಲಾದರೆ ಕೀಲಿಕೈ ನಿರರ್ಥಕ. ಅಯೋಡಿನ್, ಹೈಪೋಕ್ಲೋರೈಟ್, ಅಸಿಟಿಕ್ ಆಮ್ಲ ಮುಂತಾದವು ಸೂಕ್ಷ್ಮಾಣುವಿನ ಗೋಡೆ, ಪ್ರೋಟೀನು, ಒಳಗಿನ ವ್ಯವಸ್ಥೆ ಎಲ್ಲವನ್ನೂ ಒಟ್ಟಿಗೆ ಕೆಡಿಸುತ್ತವೆ. ಹಾಗಾಗಿ ಹದಿನಾಲ್ಕು ಔಷಧಿಗಳಿಗೆ ಮಣಿಯದ ಸೂಡೊಮೊನಾಸ್ ಕೂಡ ಇವುಗಳಿಗೆ ಬಹುಮಟ್ಟಿಗೆ ಮಣಿಯುತ್ತದೆ. ಇವು ಬಹುಪಾಲು ಗಾಯದ ಮೇಲೆಯೇ ಉಳಿಯುವುದರಿಂದ ಮೂತ್ರಪಿಂಡಗಳಿಗೆ ಹೊರೆಯೂ ಕಡಿಮೆ.

ಇದು ಹೊಸ ಮಾತೇನೂ ಅಲ್ಲ. 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು ಕಾಲಿನ ಮೂಳೆ ಮುರಿದು ಹೊರಬಂದಿದ್ದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿ ಕಾಲನ್ನು ಉಳಿಸಿದರು. ಮೊದಲ ಮಹಾಯುದ್ಧದಲ್ಲಿ ಹೆನ್ರಿ ಡೇಕಿನ್ ಮತ್ತು ಅಲೆಕ್ಸಿಸ್ ಕ್ಯಾರೆಲ್ ಶೇಕಡಾ 0.5ರಷ್ಟು ತೆಳುವಾದ ಹೈಪೋಕ್ಲೋರೈಟ್ ದ್ರಾವಣದಿಂದ ಸೈನಿಕರ ಕೊಳೆತ ಗಾಯಗಳನ್ನು ತೊಳೆಯುವ ಪದ್ಧತಿಯನ್ನು ರೂಪಿಸಿದರು. ಪೆನಿಸಿಲಿನ್ ಬಂದ ಮೇಲೆ ಇವೆಲ್ಲ ಅಜ್ಜನ ಕಾಲದ ಮಾತುಗಳಾದವು. ಆ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರ ನೊಬೆಲ್ ಉಪನ್ಯಾಸದಲ್ಲಿ, ಅರೆಬರೆಯಾಗಿ ಬಳಸಿದರೆ ಸೂಕ್ಷ್ಮಾಣುಗಳು ಈ ಔಷಧಿಗೆ ಒಗ್ಗಿಕೊಳ್ಳುತ್ತವೆಂದು ಎಚ್ಚರಿಸಿದ್ದರು. 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧಿಗೆ ಮಣಿಯದ ಬ್ಯಾಕ್ಟೀರಿಯಾಗಳೇ ನೇರ ಕಾರಣವೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ.

ನಮ್ಮ ಬೀದರಿನ ಗಡಿಗೆ ಹೊಂದಿಕೊಂಡಿರುವ ಲಾತೂರಿನಲ್ಲಿ ಡಾ. ಬಿ. ಎಸ್. ನಾಗೋಬಾ ಎಂಬ ಸೂಕ್ಷ್ಮಜೀವಿಶಾಸ್ತ್ರಜ್ಞರು ಮತ್ತು ಅವರ ಸಹೋದ್ಯೋಗಿಗಳು ಈ ಹಳೆಯ ದಾರಿಯನ್ನು ಮತ್ತೆ ತುಳಿದರು. ಔಷಧಿಗಳಿಗೆ ಮಣಿಯದ ಸೂಡೊಮೊನಾಸ್ ಗಾಯಗಳಿಗೆ ಶೇಕಡಾ 3ರ ಸಿಟ್ರಿಕ್ ಆಮ್ಲವನ್ನೂ, ತೆಳುವಾದ ಅಸಿಟಿಕ್ ಆಮ್ಲವನ್ನೂ ಬಳಸಿದ ಅನುಭವವನ್ನು ವರ್ಷಗಳ ಕಾಲ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ. ನಿಂಬೆಹುಳಿಯ ಆಮ್ಲ, ಅಡುಗೆಯ ವಿನೆಗರ್‌ನ ಆಮ್ಲ! ಬೆಲೆ ಕಡಿಮೆಯಿರುವ ಕಾರಣಕ್ಕೇ ಇಂತಹ ಔಷಧಿಗಳನ್ನು ನಾವು ಕಡೆಗಣಿಸುತ್ತೇವೆಯೇ ಎಂಬ ಸಂಶಯ ನನಗಿದೆ. ಇದನ್ನು ಹೇಳಲು ಯಾವ ಕಂಪನಿಯ ಪ್ರತಿನಿಧಿಯೂ ವೈದ್ಯರ ಬಾಗಿಲಲ್ಲಿ ನಿಲ್ಲುವುದಿಲ್ಲ.

ಅಜ್ಜಿಯ ಗಾಯಕ್ಕೆ ನಾವು ಮಾಡಿದ್ದು ಇಷ್ಟು. ಸತ್ತ ಮಾಂಸವನ್ನು ಎರಡು ಮೂರು ಬಾರಿ ಸ್ವಲ್ಪಸ್ವಲ್ಪವಾಗಿ ಕತ್ತರಿಸಿ ತೆಗೆದೆ. ಇದನ್ನು ಬಲ್ಲ ವೈದ್ಯರೇ ಮಾಡಬೇಕು. ಪೊರೆ ಹರಿಯದ ಹೊರತು ಯಾವ ದ್ರಾವಣವೂ ಒಳಗಿಳಿಯದು. ಆಮೇಲೆ ಮನೆಯವರು ದಿನವೂ ಒಂದು ಲೀಟರ್ ನೀರನ್ನು ಕುದಿಸಿ ಆರಿಸಿ, 9 ಗ್ರಾಂ ಉಪ್ಪು ಬೆರೆಸಿ ಗಾಯ ತೊಳೆದರು. ಶೇಕಡಾ 4ರ ವಿನೆಗರ್ ಒಂದು ಪಾಲಿಗೆ ಕುದಿಸಿ ಆರಿಸಿದ ನೀರು ಮೂರು ಪಾಲು ಸೇರಿಸಿದರೆ ಶೇಕಡಾ 1ರ ಅಸಿಟಿಕ್ ಆಮ್ಲ ಆಗುತ್ತದೆ. ಅದರಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಹದಿನೈದು ನಿಮಿಷ ಗಾಯದ ಮೇಲಿಟ್ಟು ತೆಗೆದು, ಶುಭ್ರ ಪಟ್ಟಿ ಕಟ್ಟಿದರು. ಸ್ವಲ್ಪ ಉರಿಯುತ್ತದೆ, ಅದಕ್ಕಾಗಿ ಅರ್ಧ ಗಂಟೆ ಮೊದಲು ಪ್ಯಾರಾಸಿಟಮಾಲ್ ಕೊಡುತ್ತಿದ್ದೆವು. ಹೀಗೆ ಎರಡು ವಾರ, ಬಳಿಕ ಮರುಪರಿಶೀಲನೆ. ಈ ಕ್ರಮವನ್ನು ಓದಿ ತಾವೇ ಆರಂಭಿಸಬಾರದೆಂದು ಓದುಗರಲ್ಲಿ ನನ್ನ ವಿನಂತಿ. ತಮ್ಮ ವೈದ್ಯರನ್ನು ಕೇಳಿ, ಅವರು ಗಾಯ ನೋಡಿದ ಮೇಲೆ ಮಾಡತಕ್ಕದ್ದು.

ಎಲ್ಲ ಗಾಯಕ್ಕೂ ವಿನೆಗರ್ ಅಲ್ಲ. ಪಾವಿಡೋನ್ ಅಯೋಡಿನ್ ಎಲ್ಲೆಡೆ ದೊರೆಯುತ್ತದೆ, ಅದಕ್ಕೆ ಸೂಕ್ಷ್ಮಾಣುಗಳು ಒಗ್ಗಿಕೊಂಡದ್ದು ಅತಿ ವಿರಳ. ಆದರೆ ಥೈರಾಯ್ಡ್ ತೊಂದರೆ ಇರುವವರಿಗೆ, ಮೂತ್ರಪಿಂಡ ದುರ್ಬಲವಾಗಿರುವವರ ದೊಡ್ಡ ಗಾಯಗಳಿಗೆ ತಿಂಗಳುಗಟ್ಟಲೆ ಹಚ್ಚುವಂತಿಲ್ಲ. ಹೈಪೋಕ್ಲೋರೈಟ್ ಪರಿಣಾಮಕಾರಿಯಾದರೂ ಪ್ರಮಾಣ ತಪ್ಪಿದರೆ ಸುಡುತ್ತದೆ. ಅದನ್ನು ವಿನೆಗರ್ ಜೊತೆ ಎಂದಿಗೂ ಬೆರೆಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬುಸುಬುಸು ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನು ಕಂಡರೆ ನಮ್ಮವರಿಗೆ ಬಹಳ ನಂಬಿಕೆ. ನೊರೆ ನೋಡಲು ಚಂದ, ಪ್ರಯೋಜನ ಅಲ್ಪ. ಆಳವಾದ ಗಾಯದೊಳಗೆ ಸುರಿದರೆ ಅಪಾಯವೂ ಉಂಟು. ನಿಯೋಮೈಸಿನ್ ಇರುವ ಪುಡಿಯನ್ನು ಔಷಧಿ ಅಂಗಡಿಯಿಂದ ತಂದು ಉದುರಿಸುವ ರೂಢಿಯಂತೂ ಮನೆಮನೆಯಲ್ಲಿದೆ. ಅದು ನಂಜುನಿರೋಧಕವಲ್ಲ, ಪ್ರತಿಜೀವಕವೇ. ಸೂಕ್ಷ್ಮಾಣುಗಳಿಗೆ ಒಗ್ಗಿಕೊಳ್ಳುವ ಪಾಠವನ್ನು ಹೇಳಿಕೊಡುವುದರ ಜೊತೆಗೆ ಅನೇಕರಿಗೆ ಚರ್ಮದ ಅಲರ್ಜಿಯನ್ನೂ ತರುತ್ತದೆ.

ಭಕ್ತಾದಿಗಳು ಮನ್ನಿಸಬೇಕು, ಇನ್ನೊಂದು ಮಾತು ಹೇಳಲೇಬೇಕಾಗಿದೆ. ಗಾಯದೊಳಗೆ ವಿಭೂತಿಯನ್ನು ತುಂಬಿಕೊಂಡು ಬರುವ ಹಿರಿಯರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ವಿಭೂತಿಯ ಸ್ಥಾನ ಹಣೆ. ತೆರೆದ ಹುಣ್ಣಿನಲ್ಲಿ ಯಾವ ಬೂದಿಯೂ, ಕಾಫಿಪುಡಿಯೂ, ಅಡುಗೆಮನೆಯ ಅರಿಸಿನವೂ ಇರಬಾರದು. ಅವು ಗಾಯಕ್ಕೆ ಅಂಟಿಕೊಂಡು ತೊಳೆಯಲು ಬಾರದಂತಾಗುತ್ತವೆ, ಧನುರ್ವಾಯುವಿನ ಬೀಜಾಣುಗಳೂ ಅವುಗಳೊಂದಿಗೆ ಒಳಸೇರಬಹುದು.

ನನ್ನ ಅಭಿಪ್ರಾಯಕ್ಕೆ ಆಕ್ಷೇಪಗಳಿವೆ, ಅವು ಹುರುಳಿಲ್ಲದವೂ ಅಲ್ಲ. ಮೊದಲನೆಯದು, ನಂಜುನಿರೋಧಕಗಳು ಸೂಕ್ಷ್ಮಾಣುಗಳೊಂದಿಗೆ ನಮ್ಮ ಜೀವಕೋಶಗಳನ್ನೂ ಕೊಲ್ಲುತ್ತವೆ ಎಂಬುದು. ಇದನ್ನು ಮೊದಲ ಮಹಾಯುದ್ಧದ ಕಾಲದಲ್ಲಿಯೇ ತೋರಿಸಿಕೊಟ್ಟವರು ಮತ್ತದೇ ಫ್ಲೆಮಿಂಗ್. ಆಳವಾದ ಗಾಯಗಳಲ್ಲಿ ಅಂದಿನ ಗಾಢ ದ್ರಾವಣಗಳು ಬಿಳಿ ರಕ್ತಕಣಗಳನ್ನು ನಾಶಮಾಡುವುದನ್ನು ಅವರು ಕಂಡರು. ಹಾಗಾಗಿಯೇ ತೆಳುವಾದ ಪ್ರಮಾಣ, ಸೀಮಿತ ಅವಧಿ. ಗಾಯ ಕೆಂಪಾಗಿ, ಶುಭ್ರವಾಗಿ ಚಿಗುರತೊಡಗಿದ ಮೇಲೆ ನಂಜುನಿರೋಧಕವನ್ನು ನಿಲ್ಲಿಸಿ ಉಪ್ಪುನೀರಿಗೆ ಮರಳಬೇಕು. ಎರಡನೆಯದು, ಪುರಾವೆ ಸಾಲದು ಎಂಬುದು. ಇದೂ ನಿಜ. ಕಾಲಿನ ರಕ್ತನಾಳ ಉಬ್ಬಿ ಆದ ಹುಣ್ಣುಗಳ ಬಗ್ಗೆ 2014ರ ಕಾಕ್ರೇನ್ ಪರಾಮರ್ಶೆ, ಒಂದು ಬಗೆಯ ಅಯೋಡಿನ್ ಪಟ್ಟಿಗೆ ಸ್ವಲ್ಪ ಪುರಾವೆ ಇದೆ, ಜೇನು ಮತ್ತು ಬೆಳ್ಳಿಯ ಲೇಪಗಳನ್ನು ವಾಡಿಕೆಯಾಗಿ ಬಳಸಲು ಪುರಾವೆಯಿಲ್ಲ ಎಂದಿತು. ಮಧುಮೇಹಿಗಳ ಪಾದದ ಸೋಂಕಿಗೆ ನಂಜುನಿರೋಧಕವನ್ನೇ ಚಿಕಿತ್ಸೆಯೆಂದು ಅವಲಂಬಿಸಬಾರದೆಂದು 2023ರ ಮಾರ್ಗಸೂಚಿ ಸಲಹೆ ಮಾಡುತ್ತದೆ. ಪಾದದ ಸೋಂಕು ಮೂಳೆಗೆ ಇಳಿಯುವ ಅಪಾಯ ಹೆಚ್ಚು, ಅಲ್ಲಿ ನಾನು ಆ ಸಲಹೆಗೆ ತಲೆಬಾಗುತ್ತೇನೆ. ಆದರೆ 82ರ ವಯಸ್ಸಿನ, 38 ಕಿಲೋ ತೂಕದ, ಮೂತ್ರಪಿಂಡ ಕುಗ್ಗಿದ ಅಜ್ಜಿಯಂಥವರನ್ನು ದೊಡ್ಡ ಪ್ರಯೋಗಗಳಿಗೆ ಸೇರಿಸಿಕೊಳ್ಳುವುದು ಅಪರೂಪ. ಅವರ ಮುಂದಿರುವ ಆಯ್ಕೆಗಳಲ್ಲಿ ಕೊಲಿಸ್ಟಿನ್‌ಗೂ ಅವರ ಗಾಯದ ವಿಷಯದಲ್ಲಿ ಬಲವಾದ ಪುರಾವೆಯಿಲ್ಲ. ಎರಡೂ ಕಡೆ ಪುರಾವೆ ತೆಳುವಾಗಿರುವಾಗ ಕಡಿಮೆ ಹಾನಿಯದನ್ನು ಮೊದಲು ಆರಿಸುವುದು ವಿವೇಕವೆಂದು ನಾನು ತಿಳಿದಿದ್ದೇನೆ.

ಪ್ರತಿಜೀವಕವನ್ನು ಕೊಡಲೇಬೇಕಾದ ಸಂದರ್ಭಗಳಿವೆ, ಅಲ್ಲಿ ತಡಮಾಡಿದರೆ ಪ್ರಾಣಕ್ಕೆ ಕುತ್ತು. ಗಾಯದ ಅಂಚಿನಿಂದ ಎರಡು ಸೆಂಟಿಮೀಟರಿಗೂ ಆಚೆ ಕೆಂಪು ಹರಡುತ್ತಿದ್ದರೆ, ಚಳಿಜ್ವರ ಬಂದರೆ, ಗಾಯದ ತಳದಲ್ಲಿ ಮೂಳೆ ಕಂಡರೆ, ಪಾದ ಕಪ್ಪಾದರೆ, ಚರ್ಮ ಒತ್ತಿದಾಗ ಚರಚರ ಸದ್ದಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವೃದ್ಧರಲ್ಲಿ ಎಷ್ಟೋ ಬಾರಿ ಜ್ವರ ಕಾಣಿಸಿಕೊಳ್ಳುವುದೇ ಇಲ್ಲ. ನಿನ್ನೆಯವರೆಗೆ ಮಾತನಾಡುತ್ತಿದ್ದವರು ಇಂದು ಮಂಕಾಗಿದ್ದಾರೆ, ಊಟ ಬಿಟ್ಟಿದ್ದಾರೆ, ಮನೆಯವರ ಗುರುತು ಹಿಡಿಯುತ್ತಿಲ್ಲ ಎಂದರೆ ಅದನ್ನೇ ಜ್ವರವೆಂದು ಭಾವಿಸಿರಿ. ಆಗ ಪರೀಕ್ಷೆಗೆ ಗಾಯ ತೊಳೆದ ನಂತರ ಒಳಗಿನ ಅಂಗಾಂಶದ ತುಣುಕನ್ನು ಕಳುಹಿಸಬೇಕೇ ಹೊರತು ಮೇಲಿನ ಲೋಳೆಯನ್ನಲ್ಲ.

ಹಾಸಿಗೆ ಹುಣ್ಣಿನ ಮೂಲ ಕಾರಣ ಒತ್ತಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಲಿಸ್ಟರ್ ಬಂದರೂ ಗಾಯ ಮಾಗದು. ಗಾಳಿಹಾಸಿಗೆ ಸಹಾಯಕ, ಆದರೆ ಅದನ್ನು ಹಾಸಿದೆವೆಂದು ಮಗ್ಗುಲು ಬದಲಿಸುವುದನ್ನು ನಿಲ್ಲಿಸುವಂತಿಲ್ಲ. ಆಹಾರವೂ ಅಷ್ಟೇ ಮುಖ್ಯ. ಗಾಯವಿರುವ ವೃದ್ಧರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ಕಾಯಿಲೆಯಿದ್ದರೆ ಪ್ರಮಾಣವನ್ನು ವೈದ್ಯರು ನಿರ್ಧರಿಸಬೇಕು. ಗಂಜಿ, ಬಿಸ್ಕತ್ತು, ಚಹಾದಿಂದ ಇದು ಪೂರೈಸುವುದಿಲ್ಲ. ಹಾಲು, ಗಟ್ಟಿ ಮೊಸರು, ಬೇಳೆಯ ಕಟ್ಟು, ಮೊಳಕೆಕಾಳು, ಶೇಂಗಾ ಹಿಂಡಿ ಬೆರೆಸಿದ ಮೆತ್ತನೆಯ ರೊಟ್ಟಿ ನಮ್ಮ ಶಾಕಾಹಾರದಲ್ಲಿಯೇ ಇವೆ.

ಈ ಎಲ್ಲ ಕೆಲಸ ಯಾರ ಪಾಲಿಗೆ ಬೀಳುತ್ತದೆಂದು ಬಲ್ಲೆ. ಆ ಮನೆಯಲ್ಲಿ ಅದು ಸೊಸೆಯ ಪಾಲಿಗೆ ಬಿದ್ದಿತ್ತು. ರಾತ್ರಿ ಎರಡಕ್ಕೂ ನಾಲ್ಕಕ್ಕೂ ಏಳುತ್ತಿದ್ದವರು ಅವರೊಬ್ಬರೇ. ಇಂಜೆಕ್ಷನ್ನಿಗೆ ಹಣ ಹೊಂದಿಸಲು ಓಡಾಡಿದ ಗಂಡಸರು ಮಗ್ಗುಲು ಬದಲಿಸಲು ಏಳುತ್ತಿರಲಿಲ್ಲ. ಇದನ್ನು ಮೊಮ್ಮಗನಿಗೆ ನೇರವಾಗಿಯೇ ಹೇಳಿದೆ. ಆಮೇಲೆ ರಾತ್ರಿಯ ಪಾಳಿಯನ್ನು ಅವನೂ ಅವನ ತಂದೆಯೂ ಹಂಚಿಕೊಂಡರು. ಚಿಕಿತ್ಸೆಯಲ್ಲಿ ಆದ ಅತಿ ಮುಖ್ಯ ಬದಲಾವಣೆ ಅದೇ ಇರಬಹುದು.

ಮೂರನೆಯ ವಾರದ ಹೊತ್ತಿಗೆ ಹಸಿರು ಲೋಳೆ ಹೋಯಿತು. ಸ್ವಲ್ಪ ಉಳಿದಿದ್ದ ದುರ್ವಾಸನೆಗೆ ಮೆಟ್ರೊನಿಡಜೋಲ್ ಮುಲಾಮನ್ನು ಹಚ್ಚಿದೆವು. ಪ್ರತಿಜೀವಕದ ಈ ಒಂದು ಮೇಲ್ಬಳಕೆಗೆ ನನ್ನ ಒಪ್ಪಿಗೆಯಿದೆ. ವಾಸನೆ ರೋಗಿಯನ್ನು ಮನೆಯವರಿಂದ ದೂರ ಮಾಡುತ್ತದೆ. ಗಾಯ ಇನ್ನೂ ಮುಚ್ಚಿಲ್ಲ. ಅಂಗೈಯಗಲ ಇದ್ದದ್ದು ಈಗ ಎರಡು ಬೆರಳಗಲಕ್ಕೆ ಬಂದಿದೆ. ಪೂರ್ತಿ ಮುಚ್ಚುವುದೆಂದು ನಾನು ಅವರಿಗೆ ಮಾತು ಕೊಟ್ಟಿಲ್ಲ. ಈ ವಯಸ್ಸಿನಲ್ಲಿ, ಈ ದೇಹಸ್ಥಿತಿಯಲ್ಲಿ ಕೆಲವು ಗಾಯಗಳು ಕೊನೆಯವರೆಗೂ ಉಳಿಯುತ್ತವೆ. ಅವುಗಳಲ್ಲಿ ನೋವು, ವಾಸನೆ, ಸ್ರಾವ ಇರದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಜಮೀನಿನ ಮೇಲೆ ಸಾಲ ಎತ್ತುವ ಪ್ರಸಂಗ ಬರಲಿಲ್ಲ. ಅಜ್ಜಿಯ ಹಾಸಿಗೆಯನ್ನು ಹಿಂದಿನ ಕೋಣೆಯಿಂದ ಪಡಸಾಲೆಗೆ ತಂದಿದ್ದಾರೆ.

ಕಳೆದ ವಾರ ಮೊಮ್ಮಗ ಫೋನು ಮಾಡಿ, ಕೀವಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಲೇ ಎಂದು ಕೇಳಿದ. ಬೇಡವೆಂದೆ.